ವಾಷಿಂಗ್ ಮಶೀನಿಗೊಬ್ಬ ಧರ್ಮತಂದೆ

ಮನೆಗೆ ಹೊಸ ಯಂತ್ರ ಬಂದ ಕೂಡಲೇ ಸ್ವಿಚ್ಚು ಹಾಕಿಬಿಡುವಷ್ಟು ನಾಚಿಕೆಗೆಟ್ಟವರಲ್ಲ, ನಮ್ಮ ಅರೆಕೀಪಾ ಊರಿನವರು. ಮೊದಲು ಅದಕ್ಕೊಬ್ಬ ಧರ್ಮತಂದೆ ಬೇಕು. ಆತ ಬಂದು ಯಂತ್ರದ ಮೇಲೆ ಬಣ್ಣದ ಕಾಗದದ ಚೂರು ಎರಚಿ, ನಾಲ್ಕು ಹನಿ ಬಿಯರು ಚಿಮುಕಿಸಿ, ಎರಡು ಒಳ್ಳೆಯ ಮಾತಾಡಿ, ಹೊಟ್ಟೆ ತುಂಬ ಉಂಡು ಹೋಗಬೇಕು. ಅಲ್ಲಿಂದ ಮುಂದೆ ಅವನೂ ಮನೆಯ ಯಜಮಾನನೂ ಒಬ್ಬರಿಗೊಬ್ಬರು ಕೊಂಪಾದ್ರೆ. ಅಣ್ಣತಮ್ಮಂದಿರು ಬೇಕಾದರೆ ಕೋರ್ಟಿಗೆ ಹೋಗಲಿ, ಕೊಂಪಾದ್ರೆಗಳು ಒಬ್ಬರ ಮೇಲೊಬ್ಬರು ಬೆರಳು ತೋರಿಸುವಂತಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನ ನೆರೆಮನೆಯ ಫೆರ್ಮಿನ್ ಬೆಗಾಸೊ ಎಂಥ ಫಜೀತಿಗೆ ಸಿಕ್ಕಿಬಿದ್ದ ಎಂಬುದು ನಿಮಗೆ ಅರ್ಥವಾದೀತು.

ಫೆರ್ಮಿನ್ ಮಾರುಕಟ್ಟೆಯ ಮೂಲೆಯಲ್ಲಿ ನಕಲಿ ಬೀಗದ ಕೈ ಮಾಡಿಕೊಡುವವನು. ಅವನು ಮಾಡಿದ ಕೀಲಿ ಸಾಮಾನ್ಯವಾಗಿ ಮೂರನೇ ಸಲಕ್ಕೆ ಬಾಗಿಲು ತೆಗೆಯುತ್ತದೆ. ಕೆಲವು ಸಲ ಪಕ್ಕದ ಮನೆಯ ಬಾಗಿಲನ್ನೂ ತೆಗೆದದ್ದುಂಟು. ಒಳ್ಳೆಯವನು. ಆದರೆ ಒಂದು ಚಟ: ತನ್ನ ಮನೆಯ ಸಾಮಾನಿಗೆ ಧರ್ಮತಂದೆಯಾಗುವವನು ತನಗಿಂತ ದೊಡ್ಡವನಾಗಿರಬೇಕು. ಅವನ ರೇಡಿಯೊಗೆ ಬಸ್ ಇನ್ಸ್‌ಪೆಕ್ಟರು, ಒಲೆಗೆ ಚರ್ಚಿನ ಗಂಟೆ ಹೊಡೆಯುವವನು. ಇಸ್ತ್ರಿ ಪೆಟ್ಟಿಗೆಗೆ ಸಿಕ್ಕವನಲ್ಲಿ ಮೀಸೆಯೊಂದನ್ನು ಬಿಟ್ಟರೆ ದೊಡ್ಡದೇನೂ ಇರಲಿಲ್ಲ, ಅದಕ್ಕೇ ಆ ಪೆಟ್ಟಿಗೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ವಾಷಿಂಗ್ ಮಶೀನು ಬಂದದ್ದು ಹೆಂಡತಿ ಸೊರೈದಾಳ ಐವತ್ತನೇ ಹುಟ್ಟುಹಬ್ಬಕ್ಕೆ. ಆ ಹೆಂಗಸು ಮೂವತ್ತು ವರ್ಷ ಹಿತ್ತಲ ಕಲ್ಲುತೊಟ್ಟಿಯಲ್ಲಿ ಒಗೆದಿದ್ದಾಳೆ. ಮಾವನ ಅಂಗಿ, ಮೂವರು ಗಂಡುಮಕ್ಕಳ ಗ್ಯಾರೇಜಿನ ಬಟ್ಟೆ, ಅದರ ಮೇಲೆ ಆ ಹುಲಿ ಚಿತ್ರದ ದಪ್ಪ ಕಂಬಳಿಗಳು. ನಮ್ಮಲ್ಲಿ ಯಾರ ಮಂಚದ ಮೇಲೂ ಒಂದು ಹುಲಿ ಇದ್ದೇ ಇರುತ್ತದೆ, ನೆನೆದರೆ ಅದು ನಿಜವಾದ ಹುಲಿಯಷ್ಟೇ ಭಾರ. ಜೂನ್ ಎಂದರೆ ನಮಗೆ ಕಡುಚಳಿ, ಆಗ ನಲ್ಲಿಗೆ ಬರುವ ನೀರು ಮಿಸ್ತಿ ಬೆಟ್ಟದ ಹಿಮದಿಂದ ನೇರ ಇಳಿದು ಬಂದಂತಿರುತ್ತದೆ. ಅವಳ ಬೆರಳ ಗೆಣ್ಣುಗಳು ಒಡೆದು ರಕ್ತ ಕಾಣುತ್ತಿತ್ತು. ಹುಟ್ಟುಹಬ್ಬದ ದಿನ ಫೆರ್ಮಿನ್ ಇಡೀ ಓಣಿಯೆದುರು ಕುರ್ಚಿಯ ಮೇಲೆ ಹತ್ತಿ ನಿಂತು, “ಈ ಕೈ ಇನ್ನು ತಣ್ಣೀರು ಮುಟ್ಟಬಾರದು. ಮುಟ್ಟಿದ್ರೆ ನಾನು ಗಂಡಸೇ ಅಲ್ಲ!” ಎಂದು ಘೋಷಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊರೈದಾ ಅತ್ತಳು.

ಆಮೇಲೆ ಹದಿಮೂರು ತಿಂಗಳು ಅವಳು ತಣ್ಣೀರಿನಲ್ಲೇ ಒಗೆದಳು.

ಯಾಕೆಂದರೆ ಇಷ್ಟು ದೊಡ್ಡ ಯಂತ್ರಕ್ಕೆ ಅಷ್ಟೇ ದೊಡ್ಡ ಧರ್ಮತಂದೆ ಸಿಗಬೇಕಲ್ಲ. ಮೊದಲು ಪುರಸಭೆಯ ಕಾರ್ಯದರ್ಶಿಯನ್ನು ಕೇಳಿದ. ಆತ “ಮುಂದಿನ ಭಾನುವಾರ” ಎನ್ನುತ್ತ ಐದು ತಿಂಗಳು ಓಡಿಸಿದ. ಆಮೇಲೆ ಒಬ್ಬ ನೋಟರಿ ಒಪ್ಪಿಕೊಂಡ, ಒಪ್ಪಿದ ವಾರವೇ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡ. ಕಾಲು ಕೂಡುವ ತನಕ ಕಾಯುವುದೇ ಮರ್ಯಾದೆ ಎಂದು ಫೆರ್ಮಿನ್ ತಿಂಗಳುಗಟ್ಟಲೆ ಕಾದ, ಕಾಲು ಸರಿಹೋಗಲೇ ಇಲ್ಲ. ಅಷ್ಟು ದಿನವೂ ಮಶೀನು ನಡುಮನೆಯಲ್ಲಿ ಪೆಟ್ಟಿಗೆಯೊಳಗೇ ಇತ್ತು. ಪೆಟ್ಟಿಗೆಯ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ನಮ್ಮೂರನ್ನು ಕಾಯುವ ಚಾಪಿ ಮಾತೆಯ ವಿಗ್ರಹ. ಭಾನುವಾರ ಬೆಳಿಗ್ಗೆ ನಾವೆಲ್ಲ ಅದರ ಸುತ್ತ ನಿಂತು ಹಂದಿಮಾಂಸದ ಸಾರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದೆವು. ಹಿತ್ತಲಿಂದ ಸೊರೈದಾ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು. ನಾನೂ ತಿಂದವನೇ, ಅದಕ್ಕೆ ಹೆಚ್ಚು ಹೇಳುವುದಿಲ್ಲ.

ಕೊನೆಗೆ ಒಂದು ದಿನ ಫೆರ್ಮಿನ್ ನೀರಿನ ಪೈಪು ಕೇಳಲು ಮಶೀನು ಕೊಂಡ ಅಂಗಡಿಗೇ ಹೋದ. ಊರಿನ ದೊಡ್ಡ ಅಂಗಡಿ, ಹೆಸರು ‘ದಕ್ಷಿಣದ ಸುಖ’. ಅಲ್ಲಿನ ಮ್ಯಾನೇಜರು ರೋಮುಲೊ ಯೆರೇನಾ ಹಸಿರು ಟೈ ಕಟ್ಟಿಕೊಂಡು ಗಾಜಿನ ಕೋಣೆಯಲ್ಲಿ ಕೂತಿದ್ದ. ಟೈ ಮೇಲೆ ಅಂಗಡಿಯ ಹೆಸರು ಚಿನ್ನದ ದಾರದಲ್ಲಿ. ಫೆರ್ಮಿನ್‌ಗೆ ಬುದ್ಧಿ ಹೊಳೆಯಿತು. ಕೇಳಿಯೇ ಬಿಟ್ಟ. ಯೆರೇನಾ ಹೊಗಳಿಕೆಗೆ ಕರಗುವ ಜಾತಿ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ, “ಅಯ್ಯೋ, ಅದಕ್ಕೇನಂತೆ? ಬರ್ತೀನಿ!” ಎಂದ.

ಬಂದ. ಅದೇ ಟೈ ಕಟ್ಟಿಕೊಂಡು ಬಂದ. “ನಮ್ಮ ಕಂಪನಿಯ ಪರವಾಗಿ ಹೇಳ್ತಿದೀನಿ, ಈ ಮಗಳು ಇನ್ನು ನನ್ನ ಮಗಳು, ಇದಕ್ಕೆ ಕಷ್ಟ ಬಂದ್ರೆ ನಾನಿದೀನಿ” ಎಂದು ಭಾಷಣ ಮಾಡಿದ. ಬೇರೆಯವರು ನಾಲ್ಕು ಹನಿ ಚಿಮುಕಿಸುವಲ್ಲಿ ಈ ಪುಣ್ಯಾತ್ಮ ಒಂದು ಬಾಟಲಿ ಪೂರ್ತಿ ಸುರಿದ. ಓಣಿಯವರು ಕೇಕೆ ಹಾಕಿದ್ದಕ್ಕೆ ಹುರುಪೇರಿ ಇನ್ನೊಂದನ್ನೂ ಸುರಿದ. ಮೇಲೆ ಎರಡು ಬೊಗಸೆ ಕಾಗದದ ಚೂರು. ಖಾರ ತುಂಬಿದ ರೊಕೋತೊ ಮೆಣಸಿನಕಾಯಿ ಮೂರು ತಿಂದು, ಕಣ್ಣೊರೆಸಿಕೊಂಡು, ಫೆರ್ಮಿನ್‌ನನ್ನು ತಬ್ಬಿ ಹೋದ.

ಹತ್ತೊಂಬತ್ತು ದಿನ ಮಶೀನು ತಿರುಗಿತು. ಸೊರೈದಾಳ ಬೆರಳಿನ ಬಿರುಕುಗಳು ಮುಚ್ಚಿಕೊಂಡವು. ಅವಳು ಕೈ ಮುಂದೆ ಚಾಚಿ ಮಾತಾಡುವ ಅಭ್ಯಾಸ ಮಾಡಿಕೊಂಡಳು, ಉಂಗುರ ಹಾಕಿಕೊಂಡಳು. ಇಪ್ಪತ್ತನೇ ದಿನ ಹುಲಿ ಕಂಬಳಿ ಒಳಗಿರುವಾಗ ಮಶೀನಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು, ಹೊಟ್ಟೆಯೊಳಗಿಂದ ಒಂದು ನರಳಾಟ ಬಂತು, ಎಲ್ಲ ಆರಿಹೋಯಿತು. ಬಾಗಿಲು ತೆಗೆಯಲಾಗಲಿಲ್ಲ. ದುಂಡನೆಯ ಗಾಜಿಗೆ ಮೂಗು ಒತ್ತಿಕೊಂಡು ಹುಲಿ ಹೊರಗೆ ನೋಡುತ್ತಿತ್ತು.

“ನಾನೊಂದು ಕೀಲಿ ಮಾಡ್ಲಾ?” ಎಂದ ಫೆರ್ಮಿನ್.

“ನೀನು ದೂರ ಇರು,” ಎಂದಳು ಸೊರೈದಾ.

ಮರುದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದ. ನಾನು ನಿವೃತ್ತ ಮೇಷ್ಟ್ರು, ಅಕ್ಷರ ದುಂಡಗಿದೆ. ಆ ತಪ್ಪಿಗೆ ಓಣಿಯ ಜಗಳಗಳಿಗೆಲ್ಲ ನಾನೇ ಬರಹಗಾರ. ಫೆರ್ಮಿನ್ ಮುಖ ನೋಡಿದರೆ ನೆವಾಡ ಹಿಡಿದಿತ್ತು. ಬೆಟ್ಟದ ಹಿಮದ ಹೊಳಪು ತಲೆಗೇರಿ ನಮ್ಮೂರವರಿಗೆ ಬರುವ ಸಿಡುಕು ಅದು. ಹಿಡಿದವನನ್ನು ಹೆಂಡತಿಯೂ ಮಾತಾಡಿಸುವುದಿಲ್ಲ, ಸರಕಾರವೂ ಮಾತಾಡಿಸುವುದಿಲ್ಲ.

ಇಬ್ಬರೂ ‘ದಕ್ಷಿಣದ ಸುಖ’ಕ್ಕೆ ಹೋದೆವು. ಕೌಂಟರಿನ ಹುಡುಗಿ ಬಿಲ್ಲು ನೋಡಿದಳು. “ವಾರಂಟಿ ಒಂದು ವರ್ಷ, ಸೆನ್ಯೋರ್. ಮುಗಿದು ಎರಡು ತಿಂಗಳಾಗ್ತಾ ಬಂತು.”

“ಮುಗಿಯೋಕೆ ಶುರು ಆಗಿದ್ದಾದ್ರೂ ಯಾವಾಗಮ್ಮ? ಅದರ ಶಾಸ್ತ್ರ ಆಗಿ ಇವತ್ತಿಗೆ ಇಪ್ಪತ್ತೊಂದು ದಿನ!”

“ನಾವು ಬಿಲ್ಲಿನ ತಾರೀಖಿಂದ ನೋಡೋದು.”

“ಶಾಸ್ತ್ರ ಆಗದೇ ಇರೋ ಮಶೀನನ್ನ ಯಾರಾದ್ರೂ ಕೆಲಸಕ್ಕೆ ಹಚ್ತಾರಾ? ನಿಮ್ಮನೇಲಿ ಹಚ್ತೀರಾ? ಎದೆ ಮೇಲೆ ಕೈ ಇಟ್ಕೊಂಡು ಹೇಳು!”

ಹುಡುಗಿ ಎದೆ ಮೇಲೆ ಕೈ ಇಟ್ಟುಕೊಂಡು ಮತ್ತೆ ಬಿಲ್ಲನ್ನೇ ನೋಡಿದಳು. ಹಿಂದೆ ಸಾಲಿನಲ್ಲಿ ನಿಂತಿದ್ದ ದಪ್ಪ ಹೆಂಗಸೊಬ್ಬಳು, “ಅವರು ಹೇಳೋದು ಸರಿ. ನಮ್ಮ ಟೀವಿ ಎಂಟು ತಿಂಗಳು ಪೆಟ್ಟಿಗೇಲಿತ್ತು. ಅಷ್ಟು ದಿನ ಅದು ಹುಟ್ಟೇ ಇಲ್ವಲ್ಲ!” ಎಂದಳು. ಸಾಲಿನವರೆಲ್ಲ ತಲೆಯಾಡಿಸಿದರು. ಇಸ್ತ್ರಿ ಪೆಟ್ಟಿಗೆ ಕೊಳ್ಳಲು ಬಂದಿದ್ದ ಒಬ್ಬ ಕೊಳ್ಳದೆ ವಾಪಸು ಇಟ್ಟ.

ಆಗ ಫೆರ್ಮಿನ್ ಗೋಡೆಯ ಮೇಲಿನ ಫಲಕಕ್ಕೆ ಬೊಟ್ಟು ಮಾಡಿ ಗುಡುಗಿದ: “ದೂರು ಪುಸ್ತಕ ಕೊಡಿ!”

ಕಾನೂನಿನ ಪ್ರಕಾರ ನಮ್ಮಲ್ಲಿ ಪ್ರತಿ ಅಂಗಡಿಯೂ ದೂರು ಪುಸ್ತಕ ಇಡಬೇಕು, ಕೇಳಿದವರಿಗೆ ಕೊಡಬೇಕು. ಆ ಮಾತು ಬಿದ್ದರೆ ಅಂಗಡಿಯಲ್ಲಿ ಸಂಗೀತ ಕೂಡ ನಿಲ್ಲುತ್ತದೆ. ಪುಸ್ತಕ ಬಂತು. ಫೆರ್ಮಿನ್ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ‘ದೂರಿನ ವಿವರ’ ಎಂಬ ಮೂರು ಸಾಲಿನ ಜಾಗದಲ್ಲಿ ಅವನು ತನ್ನ ಮದುವೆಯಿಂದ ಆರಂಭಿಸಿದ. ಆರು ಹಾಳೆ ಮುಗಿದವು. ಕೊನೆಯಲ್ಲಿ ‘ನಿಮ್ಮ ಬೇಡಿಕೆ’ ಎಂಬಲ್ಲಿ, “ನನ್ನ ಕೊಂಪಾದ್ರೆ ಧರ್ಮತಂದೆಯ ಹಾಗೆ ನಡೆದುಕೊಳ್ಳಲಿ” ಎಂದು ಬರೆಸಿದ.

“ದುರಸ್ತಿ ಮಾಡಿಕೊಡಲಿ ಅಂತ ಬರೀಬೇಕಯ್ಯ,” ಎಂದೆ.

“ಅದು ಅವರಿಗೇ ಗೊತ್ತಾಗುತ್ತೆ, ಮೇಷ್ಟ್ರೆ. ನಾನು ಬಾಯಿಬಿಟ್ಟು ಕೇಳಿದ್ರೆ ಅವರಿಗೆ ಅವಮಾನ.”

ಗದ್ದಲಕ್ಕೆ ಯೆರೇನಾ ಗಾಜಿನ ಕೋಣೆಯಿಂದ ಹೊರಬಂದ. ಫೆರ್ಮಿನ್‌ನನ್ನು ನೋಡಿದ್ದೇ ಭುಜ ಹಿಡಿದು ಫುಟ್‌ಪಾತಿಗೆ ಕರೆದುಕೊಂಡು ಹೋದ. ಅಲ್ಲಿ ತಬ್ಬಿಕೊಂಡ. “ಕೊಂಪಾದ್ರೆ! ನಮ್ಮ ಮಗಳಿಗೆ ಹೀಗಾಯ್ತಾ? ಕರುಳು ಕಿತ್ತು ಬರ್ತಿದೆ!”

“ಹಾಗಾದ್ರೆ ರಿಪೇರಿ ಮಾಡಿಸಿ, ಕೊಂಪಾದ್ರೆ.”

“ಒಳಗೆ ಬನ್ನಿ, ಮಾತಾಡೋಣ.”

ಹೊಸಿಲು ದಾಟಿದ ಕೂಡಲೇ ಯೆರೇನಾನ ಬೆನ್ನು ನೆಟ್ಟಗಾಯಿತು. “ನೋಡಿ ಸೆನ್ಯೋರ್ ಬೆಗಾಸೊ, ವಾರಂಟಿ ಮುಗಿದಿದೆ. ಕಂಪನಿ ಏನೂ ಮಾಡೋಕಾಗಲ್ಲ.”

ಫೆರ್ಮಿನ್ ಅವನ ಕೈ ಹಿಡಿದು ಮತ್ತೆ ಹೊರಗೆಳೆದ. ಹೊರಗೆ ಬಂದಿದ್ದೇ ಯೆರೇನಾನ ಕಣ್ಣಲ್ಲಿ ನೀರು. “ಅಂಗಡಿ ಒಳಗೆ ನಾನು ಮ್ಯಾನೇಜರು, ಹೊರಗೆ ಬಂದ್ರೆ ನಿಮ್ಮ ಕೊಂಪಾದ್ರೆ. ನಾನಾದ್ರೂ ಏನ್ ಮಾಡ್ಲಿ ಹೇಳಿ?” ಮತ್ತೆ ಒಳಗೆ, ಮತ್ತೆ ಹೊರಗೆ. ನಾಲ್ಕು ಸಲ ಹೀಗಾಯಿತು. ಐದನೇ ಸಲ ಫೆರ್ಮಿನ್ ಜಾಣತನ ಮಾಡಿ ಅವನನ್ನು ಹೊಸಿಲ ಮೇಲೇ ನಿಲ್ಲಿಸಿದ. ಆಗ ಯೆರೇನಾ ಬಾಯಿ ತೆರೆದ, ಮುಚ್ಚಿದ, ಕೊನೆಗೆ ಒಬ್ಬ ಮೆಕ್ಯಾನಿಕ್ಕನ್ನು ಕಳಿಸುತ್ತೇನೆಂದ. ಅಷ್ಟು ಸಿಕ್ಕಿದ್ದೇ ದೊಡ್ಡದು.

ಮೆಕ್ಯಾನಿಕ್ ಬಂದ ದಿನ ಓಣಿಯಲ್ಲಿ ಯಾರೂ ಕೆಲಸಕ್ಕೆ ಹೋಗಲಿಲ್ಲ. ಬ್ರೆಡ್ಡು ಮಾರುವ ಪೆತ್ರೊನಿಲಾ ಬುಟ್ಟಿ ಸಮೇತ ಬಂದು ಮುಂದಿನ ಸಾಲಲ್ಲೇ ಕೂತಳು. ಆತ ಮೊದಲು ಹುಲಿಯನ್ನು ಬಿಡಿಸಿದ. ಆಮೇಲೆ ಮೇಲಿನ ಹಲಗೆ ಬಿಚ್ಚಿ, ಬೋರ್ಡನ್ನು ಎತ್ತಿ, ಮೂಸಿ ನೋಡಿ ಮುಖ ಕಿವುಚಿದ. ಬೋರ್ಡಿನ ತುಂಬ ಒಣಗಿದ ಬಿಯರು, ಅದಕ್ಕೆ ಅಂಟಿಕೊಂಡ ಹಳದಿ, ಕೆಂಪು, ನೀಲಿ ಕಾಗದದ ಚೂರು.

“ಇದರ ಮೇಲೆ ಬಿಯರ್ ಸುರಿದಿರೋ ಕತ್ತೆ ಯಾರು?”

ನನಗೆ ಒಳಗೊಳಗೇ ಹಬ್ಬವಾಯಿತು. ಸುರಿದವನು ಅಂಗಡಿಯ ಮ್ಯಾನೇಜರೇ! ಇನ್ನು ವಾರಂಟಿಯ ತಾರೀಖು ಯಾರಿಗೆ ಬೇಕು? ಹೇಳು ಎಂದು ಫೆರ್ಮಿನ್‌ಗೆ ಮೊಣಕೈಯಿಂದ ತಿವಿದೆ. ಅವನ ಮುಖ ಕೆಂಪಗಾಗಿತ್ತು.

“ನಾಲಿಗೆ ಬಿಗಿಹಿಡಿದು ಮಾತಾಡಿ! ಕತ್ತೆ ಗಿತ್ತೆ ಅಂತೆಲ್ಲ ಅಂದ್ರೆ ಸುಮ್ನಿರಲ್ಲ!”

“ಹಾಗಾದ್ರೆ ಸುರಿದವರು ಯಾರು?”

“ನಾನು!” ಎಂದ ಫೆರ್ಮಿನ್, ಎದೆ ಉಬ್ಬಿಸಿ.

ಪೆತ್ರೊನಿಲಾಳ ಕೈಯಿಂದ ಬ್ರೆಡ್ಡು ಬಿತ್ತು. ಮೆಕ್ಯಾನಿಕ್, “ಮನೆಯ ಯಜಮಾನನೇ ಬಿಯರ್ ಸುರಿದದ್ದಾಗಿ ಒಪ್ಪಿಕೊಂಡಿದ್ದಾನೆ” ಎಂದು ವರದಿ ಬರೆದ. ಫೆರ್ಮಿನ್ ಅದಕ್ಕೆ ಸಹಿಯನ್ನೂ ಹಾಕಿದ. ಜೀವನದಲ್ಲಿ ಅಷ್ಟು ಚೆನ್ನಾದ ಸಹಿಯನ್ನು ಅವನು ಇನ್ನೆಲ್ಲೂ ಹಾಕಿಲ್ಲ.

“ಏನಯ್ಯಾ ಮಾಡಿದೆ?” ಎಂದು ನಾನು ತಲೆ ಚಚ್ಚಿಕೊಂಡೆ.

“ಕೊಂಪಾದ್ರೆನ ಓಣಿ ಎದುರು ಕತ್ತೆ ಅನ್ನಿಸ್ಲಾ, ಮೇಷ್ಟ್ರೆ? ನಾಳೆ ಅವರ ಮುಖ ಹೇಗೆ ನೋಡ್ಲಿ?”

“ನಿನ್ನ ಹೆಂಡತಿ ಮುಖ ಹೇಗೆ ನೋಡ್ತೀಯ?”

ಅವನು ಹಿತ್ತಲ ಕಡೆ ತಿರುಗಿದ. ಸೊರೈದಾ ಉಂಗುರ ತೆಗೆದು ಕಿಟಕಿಯ ಮೇಲಿಟ್ಟು, ಬಿಡುಗಡೆಯಾದ ಹುಲಿಯನ್ನು ತೊಟ್ಟಿಗೆ ಹಾಕುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವನೇ ನನ್ನ ಬಳಿ ಹೇಳಿಕೊಂಡ.

ಆರು ಹಾಳೆಯ ದೂರು ಹೇಗೋ ಗ್ರಾಹಕರ ದೂರು ಕೇಳುವ ಸರಕಾರಿ ಕಚೇರಿಗೆ ಮುಟ್ಟಿತು. ಎರಡೂ ಕಡೆಯವರು ಬಂದು ರಾಜಿ ಮಾಡಿಕೊಳ್ಳಿ ಎಂದು ಚೀಟಿ ಬಂತು. ಅಧಿಕಾರಿಣಿ ಅಂಪಾರೊ ವಾಲ್ದಿವಿಯಾ. ದಪ್ಪ ಕನ್ನಡಕ, ಪಕ್ಕದಲ್ಲಿ ಇನ್ನೂ ದಪ್ಪ ಮೊಹರು. ಒಂದು ಬದಿಗೆ ಯೆರೇನಾ, ಹಸಿರು ಟೈ, ಕೈಯಲ್ಲಿ ಕಡತ. ಇನ್ನೊಂದು ಬದಿಗೆ ಮದುವೆಯ ಕೋಟು ಹಾಕಿಕೊಂಡ ಫೆರ್ಮಿನ್ ಮತ್ತು ನಾನು. ಸೊರೈದಾ ಹಿಂದಿನಿಂದ ಬರುತ್ತೇನೆಂದಿದ್ದಳು.

ಯೆರೇನಾ ವರದಿ ಓದಿದ. ಓದುವಾಗ ಅವನ ದನಿ ಸಣ್ಣಗಾಯಿತು, ಅಷ್ಟು ಮಟ್ಟಿಗೆ ಅವನೂ ಮನುಷ್ಯನೇ.

ಅಧಿಕಾರಿಣಿ ಕನ್ನಡಕ ಜಾರಿಸಿ ಕೇಳಿದಳು: “ಸೆನ್ಯೋರ್ ಬೆಗಾಸೊ, ನೀವೇ ಸುರಿದ್ರಾ?”

ಫೆರ್ಮಿನ್ ಯೆರೇನಾನನ್ನು ನೋಡಿದ. ಯೆರೇನಾ ಚಾವಣಿಯನ್ನು ನೋಡಿದ.

“ಹೂಂ,” ಎಂದ ಫೆರ್ಮಿನ್. ಕುರಿಯ ಹಾಗೆ ಕೂತಿದ್ದ. ಹೊಡೆಯಬೇಕೆನ್ನಿಸಿತು ನನಗೆ.

“ಹಾಗಾದ್ರೆ ವಾರಂಟಿನೂ ಇಲ್ಲ, ತಪ್ಪೂ ನಿಮ್ಮದೇ. ಮುಗೀತು.” ಅಧಿಕಾರಿಣಿ ಮೊಹರು ಎತ್ತಿದಳು.

ಬಾಗಿಲು ತೆರೆಯಿತು. ಸೊರೈದಾ ಪ್ಲಾಸ್ಟಿಕ್ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಳಗೆ ಬಂದಳು. ಬಗ್ಗಿ, ಬುಟ್ಟಿಯಲ್ಲಿದ್ದುದನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ದಪ್ಪೆಂದು ಹಾಕಿದಳು. ನೀರು ನಾಲ್ಕೂ ಕಡೆ ಹರಿಯಿತು. ಯೆರೇನಾ ಕಡತ ಎತ್ತಿಕೊಂಡ.

“ಏನಮ್ಮ ಇದು?” ಎಂದಳು ಅಧಿಕಾರಿಣಿ.

“ಹುಲಿ.”

“ಅದು ಕಾಣ್ತಾ ಇದೆ. ನನ್ನ ಮೇಜಿನ ಮೇಲೆ ಯಾಕೆ?”

“ಹಿಂಡೋಕೆ. ಬೆಳಿಗ್ಗೆ ಒಗೆದೆ, ಹಿಂಡೋಕೆ ಕೈಲಿ ಶಕ್ತಿ ಸಾಲಲಿಲ್ಲ. ಕೊಂಪಾದ್ರೆ, ಆ ತುದಿ ಹಿಡ್ಕೊಳ್ಳಿ.”

ಯೆರೇನಾ ಟೈ ಸರಿಪಡಿಸಿಕೊಂಡ. “ನೋಡಿ ಸೆನ್ಯೋರಾ, ನಾನಿಲ್ಲಿ ಕಂಪನಿ ಪರವಾಗಿ—”

“ಅಂಗಡಿ ಒಳಗೆ ಮ್ಯಾನೇಜರು, ಹೊರಗೆ ಕೊಂಪಾದ್ರೆ ಅಂದ್ರಂತೆ. ಇದು ನಿಮ್ಮ ಅಂಗಡಿ ಅಲ್ವಲ್ಲ. ಇಲ್ಲಿ ಯಾರು ನೀವು?”

ಯೆರೇನಾ ಸಹಾಯಕ್ಕಾಗಿ ಅಧಿಕಾರಿಣಿಯತ್ತ ನೋಡಿದ. ಆಕೆ ಮೊಹರು ಕೆಳಗಿಟ್ಟಿದ್ದಳು. ಆಕೆಯ ಮನೆಯಲ್ಲೂ ಹುಲಿ ಇರಬೇಕು. “ಪ್ರಶ್ನೆ ಸರಿಯಾಗೇ ಇದೆ,” ಎಂದಳು. “ಉತ್ತರ ಕೊಡಿ, ಇಲ್ಲಾ ಹಿಂಡಿ.”

ಅವನು ಹಿಂಡುವುದೇ ಸುಲಭ ಎಂದುಕೊಂಡ. ಅದು ಅವನ ತಪ್ಪು ಲೆಕ್ಕ. ಮೊದಲ ಸುತ್ತಿನಲ್ಲೇ ನೀರು ಅವನ ಅಂಗಿಯ ತೋಳಿನೊಳಗೆ ಇಳಿಯಿತು. ಎರಡನೇ ಸುತ್ತಿಗೆ ಟೈ ಕಂಬಳಿಯೊಳಗೆ ಸಿಕ್ಕಿಕೊಂಡಿತು. ಮೂರನೇ ಸುತ್ತಿಗೆ ಹುಲಿಯ ಮುಖ ಅವನ ಮುಖದ ಹತ್ತಿರ ಬಂತು. ಆ ತುದಿಯಲ್ಲಿ ಸೊರೈದಾ ಮೂವತ್ತು ವರ್ಷದ ಅಭ್ಯಾಸದಿಂದ ತಿರುಚುತ್ತಲೇ ಇದ್ದಳು.

“ಸಾಕಮ್ಮಾ, ಬೆರಳು ಮರಗಟ್ಟಿತು!”

“ಇನ್ನೊಂದು ಸುತ್ತು. ಮನೇಲಿ ಇಂಥವು ಆರಿವೆ.” ಅವಳು ಒಂದು ಕೈ ಬಿಟ್ಟು ಅಧಿಕಾರಿಣಿಯ ಮುಂದೆ ಚಾಚಿದಳು. ಗೆಣ್ಣುಗಳೆಲ್ಲ ಮತ್ತೆ ಬಾಯಿಬಿಟ್ಟಿದ್ದವು. “ಹತ್ತೊಂಬತ್ತು ದಿನ ಇವು ಮುಚ್ಕೊಂಡಿದ್ವು, ಸೆನ್ಯೋರಾ. ವಾರಂಟಿ ಯಾವತ್ತು ಮುಗೀತೋ ನಂಗೊತ್ತಿಲ್ಲ. ಇವು ಯಾವತ್ತು ಮತ್ತೆ ಒಡೆದ್ವು ಅಂತ ಗೊತ್ತು. ಬಿಯರ್ ಸುರಿದವರು ಯಾರು, ಕೊಂಪಾದ್ರೆ?”

ಫೆರ್ಮಿನ್ ಎದ್ದು ನಿಂತ. “ಸೊರೈದಾ! ಕೊಂಪಾದ್ರೆ ಮೇಲೆ ಬೆರಳು—”

“ನೀನು ಕೂತ್ಕೋ. ಅವರ ಮಾನ ಉಳಿಸಿ ಆಯ್ತಲ್ಲ? ನಾನು ಬೆರಳು ತೋರಿಸ್ತಿಲ್ಲ, ಕೇಳ್ತಿದೀನಿ. ಅವರೇ ಹೇಳ್ಲಿ.”

ಫೆರ್ಮಿನ್ ಕೂತ. ಹುಲಿಯಿಂದ ನೀರು ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಯೆರೇನಾ ಹುಲಿಯ ಕಡೆಗೇ ನೋಡಿದ.

“ನಾನೇ,” ಎಂದ. “ಒಂದು ಬಾಟಲಿ.”

“ಎರಡು,” ಎಂದೆ ನಾನು. ನಲವತ್ತು ವರ್ಷ ಗಣಿತ ಕಲಿಸಿದವನಿಗೆ ತಪ್ಪು ಉತ್ತರ ಕೇಳಿ ಸುಮ್ಮನಿರಲಾಗುವುದಿಲ್ಲ.

“ಎರಡು,” ಎಂದು ಅವನೂ ಒಪ್ಪಿಕೊಂಡ.

ಅಧಿಕಾರಿಣಿ ಪೆನ್ನು ತೆಗೆದಳು. “ಸುರಿದದ್ದು ಧರ್ಮತಂದೆಯೋ, ಮ್ಯಾನೇಜರೋ? ನನಗೆ ಬರೆಯೋಕೆ ಬೇಕು.”

“ಅದು… ಭಾನುವಾರ, ಸೆನ್ಯೋರಾ. ರಜಾ ದಿನ.”

“ಏನು ಹಾಕ್ಕೊಂಡಿದ್ರಿ?”

ಯೆರೇನಾ ಕೆಳಗೆ ನೋಡಿದ. ಟೈ ಇನ್ನೂ ಕಂಬಳಿಯ ತಿರುಚಿನೊಳಗೇ ಇತ್ತು, ಚಿನ್ನದ ದಾರದ ಹೆಸರಿನ ಅರ್ಧ ಮಾತ್ರ ಹೊರಗೆ ಕಾಣುತ್ತಿತ್ತು. “ಇದನ್ನೇ.”

“ಹಾಗಾದ್ರೆ ಮ್ಯಾನೇಜರೇ,” ಎಂದು ಆಕೆ ಬರೆದುಕೊಂಡಳು. “ಕಂಪನಿಯವರು ಮಾರಿದ ಸಾಮಾನನ್ನ ಕಂಪನಿಯವರೇ ಕೆಡಿಸಿದ್ದಾರೆ. ಇದಕ್ಕೆ ವಾರಂಟಿ ಯಾಕೆ ಬೇಕು? ಬೋರ್ಡು ಹೊಸದು ಹಾಕಿಕೊಡ್ತೀವಿ ಅಂತ ಇಲ್ಲೊಂದು ಸಹಿ ಮಾಡಿ.”

“ಕೈ ಒದ್ದೆ ಇದೆ, ಸೆನ್ಯೋರಾ.”

“ಹೆಬ್ಬೆಟ್ಟೂ ನಡೆಯುತ್ತೆ.”

ನಾಲ್ಕನೇ ದಿನ ಅದೇ ಮೆಕ್ಯಾನಿಕ್ ಹೊಸ ಬೋರ್ಡು ತಂದು ಹಾಕಿ ಹೋದ. ಹೋಗುವಾಗ ಫೆರ್ಮಿನ್‌ಗೆ ಕೈ ಮುಗಿದು, “ಇದಕ್ಕೆ ಮಾತ್ರ ಕುಡಿಸಬೇಡಿ” ಎಂದ.

ಭಾನುವಾರ ಓಣಿಯವರೆಲ್ಲ ಅವರ ಮನೆಯ ಮುಂದೆ ಸೇರಿದರು. ಪೆತ್ರೊನಿಲಾ ಬ್ರೆಡ್ಡಿನ ಬುಟ್ಟಿ ತಂದಳು. ಯೆರೇನಾ ಕೂಡ ಬಂದ, ಟೈ ಇಲ್ಲದೆ, ಕೈಯಲ್ಲೊಂದು ಕೇಕು ಹಿಡಿದು, ಮಗಳನ್ನು ನೋಡಬೇಕೆಂದು. ಬಂದದ್ದಕ್ಕೆ ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಆದರೆ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ.

ನಾನು ನಮ್ಮ ತಾರಸಿಗೆ ಹತ್ತಿ ಅವರ ಹಿತ್ತಲೊಳಗೆ ಇಣುಕಿದೆ. ಕಲ್ಲುತೊಟ್ಟಿಯ ಪಕ್ಕಕ್ಕೆ ಸಾಗಿಸಿದ್ದ ಮಶೀನು ಗಡಗಡ ತಿರುಗುತ್ತಿತ್ತು. ಅದರ ಎದುರು ಸೊರೈದಾ ಕುರ್ಚಿ ಹಾಕಿಕೊಂಡು ಕೂತಿದ್ದಳು. ಫೆರ್ಮಿನ್ ಕೋಟು ಹಾಕಿಕೊಂಡು, ಇನ್ನೊಂದು ಕುರ್ಚಿಯ ಮೇಲೆ ಹತ್ತಬೇಕೋ ಬೇಡವೋ ಎಂದು ಪಕ್ಕದಲ್ಲಿ ಒದ್ದಾಡುತ್ತಿದ್ದ.

“ಕೊಂಪಾದ್ರೆ ಬಾಗಿಲಲ್ಲಿ ನಿಂತಿದ್ದಾರೆ ಕಣೇ. ಇಡೀ ಓಣಿ ನಿಂತಿದೆ. ತೆಗೆಯೋದಲ್ವಾ?”

“ನಿಂತಿರ್ಲಿ,” ಎಂದಳು ಸೊರೈದಾ. “ಹೋಗಿ ಹೇಳು, ನಾನು ಬಟ್ಟೆ ಒಗೀತಾ ಇದೀನಿ ಅಂತ.”

ಅವಳ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದವು.